ಐದನೇ ಕುರ್ಚಿ

ಸಮನ್ಸ್ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಅಂಚೆ ಡಬ್ಬದಲ್ಲಿ ಪಿಜ್ಜಾ ಕೂಪನ್‌ಗಳ ನಡುವೆ ಸಿಕ್ಕಿಕೊಂಡಿತ್ತು. ಅದರ ಮೇಲೆ ಹೆಸರು ಬರೆದಿದ್ದ ರೀತಿ ನೋಡಿ ನಗು ಬಂತು. ಮೊದಲು ನಂಜುಂಡಯ್ಯ, ಆಮೇಲೆ ಒಂದು ಕಾಮಾ, ಆಮೇಲೆ ಮಹೇಶ. ನಂಜುಂಡಯ್ಯ ಅಂದರೆ ನಮ್ಮ ಅಪ್ಪ. ಅವರು ಇರುವುದು ತಿ. ನರಸೀಪುರದಲ್ಲಿ. ಕ್ಯಾಲಿಫೋರ್ನಿಯಾದ ಕೋರ್ಟು ಅವರನ್ನು ಜೂರಿ ಕೆಲಸಕ್ಕೆ ಕರೆದ ಹಾಗಿತ್ತು.

ಊರಲ್ಲಿ ನಾನು ಎಂ.ಎನ್. ಮಹೇಶ. ಎಂ ಅಂದರೆ ಮೂಗೂರು, ಎನ್ ಅಂದರೆ ಅಪ್ಪ. ಮನೆತನದ ಹೆಸರು ಅಂತ ನಮಗೆ ಒಂದಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಸರ್‌ನೇಮ್’ ಅನ್ನುವ ಖಾನೆ ಇತ್ತು. ಖಾಲಿ ಬಿಟ್ಟರೆ ಮುಂದೆ ವೀಸಾಗೆ ತಾಪತ್ರಯ ಅಂತ ಯಾರೋ ಹೆದರಿಸಿದರು. ಅಪ್ಪನ ಹೆಸರು ಬರೆದು ಕೈತೊಳೆದುಕೊಂಡೆ. ಅವತ್ತಿನಿಂದ ಬ್ಯಾಂಕಿನವರು, ಡಾಕ್ಟರು, ಮಕ್ಕಳ ಟೀಚರು ಎಲ್ಲರೂ ನನ್ನನ್ನು ಕರೆಯುವುದು ಅಪ್ಪನ ಹೆಸರಿನಿಂದ. ಅದೂ ಯಾರ ಬಾಯಲ್ಲೂ ಪೂರ್ತಿ ಬರುವುದಿಲ್ಲ. 2017ರಲ್ಲಿ ಇಲ್ಲಿಯ ಪೌರತ್ವ ತಗೊಂಡೆ. ಆ ಅರ್ಜಿಯಲ್ಲೇ ಹೆಸರು ಬದಲಿಸಿಕೊಳ್ಳುವ ಅವಕಾಶವೂ ಇರುತ್ತದೆ. ಚಿಕ್ಕದಾಗಿ ಏನಾದರೂ ಮಾಡಿಕೊಳ್ಳಿ ಅಂತ ಹೆಂಡತಿ ಹೇಳಿದಳು. ನನಗೆ ಮನಸ್ಸು ಬರಲಿಲ್ಲ.

ಅಪ್ಪನ ಕೆಲಸವೇ ಹೆಸರು ಬರೆಯುವುದು. ಮೂವತ್ತು ವರ್ಷಕ್ಕೂ ಜಾಸ್ತಿ ಅವರು ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಪತ್ರ ಬರೆದವರು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ. ‘ಕೆಂಪಯ್ಯ ಬಿನ್ ಲೇಟ್ ಮರಿಯಯ್ಯ’, ‘ಸಿದ್ದಮ್ಮ ಕೋಂ ಚಿಕ್ಕಮಾದಪ್ಪ’. ಬಿನ್ ಅಂದರೆ ಯಾರ ಮಗ, ಕೋಂ ಅಂದರೆ ಯಾರ ಹೆಂಡತಿ. ಇಷ್ಟು ಬರೆದು, ಊರು, ವಯಸ್ಸು ಸೇರಿಸಿದರೆ ಮನುಷ್ಯ ಯಾರು ಅಂತ ಗೊತ್ತಾಗುತ್ತಿತ್ತು. ಸರ್‌ನೇಮಿನ ಹಂಗೇ ಇರಲಿಲ್ಲ.

ಇನ್ನು ಜೂರಿ. ಅಂದರೆ ಆರೋಪಿ ತಪ್ಪು ಮಾಡಿದನೋ ಇಲ್ಲವೋ ಅಂತ ಸಾಮಾನ್ಯ ಜನರೇ ಕೂತು ತೀರ್ಮಾನಿಸುವ ಪದ್ಧತಿ. ನಮ್ಮ ದೇಶದಲ್ಲಿ ಅದು ಹೋಗಿ ಎಷ್ಟೋ ಕಾಲವಾಯಿತು. 1973ರ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲೇ ಅದಕ್ಕೆ ಜಾಗ ಇರಲಿಲ್ಲ. ನನಗೆ ಗೊತ್ತಿದ್ದದ್ದು ನಾನಾವತಿ ಕೇಸು ಒಂದೇ. ಮುಂಬೈಯ ಜೂರಿ 8-1ರಲ್ಲಿ ಬಿಟ್ಟುಬಿಟ್ಟ ನೌಕಾಪಡೆ ಅಧಿಕಾರಿಗೆ ಹೈಕೋರ್ಟು ಶಿಕ್ಷೆ ಕೊಟ್ಟ ಕತೆ. ಹಾಗಾಗಿ ಜೂರಿ ಅಂದಕೂಡಲೇ ಕಪ್ಪು ಬಿಳುಪು ಫೋಟೋ ಕಣ್ಣ ಮುಂದೆ ಬರುತ್ತಿತ್ತು. ಆಫೀಸಿನಲ್ಲಿ ಅಮೆರಿಕನ್ ಗೆಳೆಯರು ಬೇರೆಯದೇ ಉಪದೇಶ ಮಾಡಿದರು: ಹೇಗಾದರೂ ತಪ್ಪಿಸಿಕೋ.

ನನಗೆ ತಪ್ಪಿಸಿಕೊಳ್ಳುವ ಇಷ್ಟ ಇರಲಿಲ್ಲ. ಒಂದು ಸಲ ನೋಡೋಣ ಅನಿಸಿತ್ತು.

ಸಮನ್ಸಿನಲ್ಲಿ ಒಂದು ಗುಂಪಿನ ನಂಬರ್ ಇರುತ್ತದೆ. ಹಿಂದಿನ ಸಂಜೆ ಕೋರ್ಟಿನ ವೆಬ್‌ಸೈಟಿನಲ್ಲಿ ಆ ನಂಬರ್ ನೋಡಬೇಕು. ಬನ್ನಿ ಅಂತ ಇದ್ದರೆ ಹೋಗಬೇಕು, ಇಲ್ಲದಿದ್ದರೆ ಮನೆಯಲ್ಲಿರಬಹುದು. ನನಗೆ ಬನ್ನಿ ಅಂತ ಬಂತು. ಸೋಮವಾರ ಬೆಳಿಗ್ಗೆ ಎಂಟು ಕಾಲಕ್ಕೆ ಹೋದರೆ ದೊಡ್ಡ ಹಾಲ್, ಸಾಲು ಕುರ್ಚಿ, ನಮ್ಮ ಬಸ್‌ಸ್ಟ್ಯಾಂಡಿನ ಕಾಯುವ ಕೋಣೆಯ ಹಾಗೆ. ಒಂದು ವಿಡಿಯೋ ಹಾಕಿದರು. ಯಾರೂ ನೋಡಲಿಲ್ಲ. ಹತ್ತು ಗಂಟೆ ದಾಟಿದ ಮೇಲೆ ನಮ್ಮಲ್ಲಿ ಅರುವತ್ತು ಜನರನ್ನು ಮೇಲಿನ ಮಹಡಿಯ ಕೋರ್ಟ್ ಹಾಲಿಗೆ ಕರೆದರು.

ಅಲ್ಲಿ ಕ್ಲರ್ಕ್ ಹೆಸರು ಓದಲು ಶುರು ಮಾಡಿದರು. ಚಿಕ್ಕವನಿದ್ದಾಗ ಅಪ್ಪನ ಜೊತೆ ಮುನ್ಸಿಫ್ ಕೋರ್ಟಿಗೆ ಹೋದದ್ದು ನೆನಪಾಯಿತು. ಅಲ್ಲಿ ಜವಾನ ಬಾಗಿಲಲ್ಲಿ ನಿಂತು ಹೆಸರನ್ನು ಮೂರು ಸಲ ಕೂಗುತ್ತಿದ್ದ. ಮೂರನೇ ಕೂಗಿಗೆ ಯಾರಾದರೂ ಚಹಾದಂಗಡಿಯಿಂದ ಪಂಚೆ ಎತ್ತಿಕೊಂಡು ಓಡಿ ಬರುತ್ತಿದ್ದರು. ಇಲ್ಲಿ ಒಂದೇ ಸಲ, ಮೆತ್ತಗೆ. ನನ್ನ ಸರದಿ ಬಂದಾಗ ಕ್ಲರ್ಕ್ ತಡೆದರು. ‘ನನ್... ನನ್‌ಜುನ್...’ ಅಂದು ಕೈಬಿಟ್ಟು, ‘ಮಹೇಶ್?’ ಅಂದರು. ಕೈ ಎತ್ತಿದೆ.

ಕೇಸು ಸಣ್ಣದು. ಕಾರಿನ ಗಾಜು ಒಡೆದು ಲ್ಯಾಪ್‌ಟಾಪ್ ಬ್ಯಾಗ್ ಕದ್ದ ಆರೋಪ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಈ ಬೇ ಏರಿಯಾದಲ್ಲಿರುವವರಿಗೆ ಹೊಸದಲ್ಲ ಬಿಡಿ. ಆರೋಪಿ ಇಪ್ಪತ್ತೈದರ ಆಸುಪಾಸಿನ ಕಪ್ಪು ಯುವಕ. ಹೊಸ ಶರ್ಟ್ ಹಾಕಿದ್ದ. ಮಡಿಕೆಯ ಗೆರೆ ಹಾಗೇ ಇತ್ತು.

ಹನ್ನೆರಡು ಜನರನ್ನು ಜೂರಿ ಕಟಕಟೆಯೊಳಗೆ, ಆರು ಜನರನ್ನು ಅದರ ಮುಂದಿನ ಸಾಲಲ್ಲಿ ಕೂರಿಸುತ್ತಾರೆ. ಆ ಮುಂದಿನ ಸಾಲಿಗೆ ಇಲ್ಲಿಯ ವಕೀಲರು ‘ಸಿಕ್ಸ್ ಪ್ಯಾಕ್’ ಅನ್ನುತ್ತಾರೆ, ಬಿಯರ್ ಕ್ಯಾನಿನ ಹಾಗೆ. ಒಳಗಿನ ಯಾರನ್ನಾದರೂ ತೆಗೆದರೆ ಹೊರಗಿನ ಸಾಲಿನಿಂದ ಒಬ್ಬೊಬ್ಬರೇ ಆ ಕುರ್ಚಿಗೆ ಹೋಗಬೇಕು. ನನ್ನದು ಹದಿನಾಲ್ಕನೇ ನಂಬರ್. ಐದನೇ ಕುರ್ಚಿಯಲ್ಲಿ ಒಬ್ಬ ಕಪ್ಪು ಹೆಂಗಸು. ಅರುವತ್ತು ದಾಟಿದವರು, ನಿವೃತ್ತ ಬಸ್ ಡ್ರೈವರ್, ತೊಡೆಯ ಮೇಲೆ ನೇರಳೆ ಬಣ್ಣದ ಬ್ಯಾಗು.

ಪ್ರಶ್ನೆಗಳು ಅರ್ಧ ದಿನ ನಡೆದವು. ನಿಮ್ಮ ಕಾರಿನ ಗಾಜು ಯಾವತ್ತಾದರೂ ಒಡೆದಿದೆಯಾ? ಹದಿನೆಂಟು ಜನರಲ್ಲಿ ಹನ್ನೊಂದು ಕೈ ಮೇಲೆ. ಪೊಲೀಸರಲ್ಲಿ ನಿಮಗೆ ಗುರುತಿನವರಿದ್ದಾರಾ? ನಿಮ್ಮ ಮನೆಯವರನ್ನು ಯಾರನ್ನಾದರೂ ಬಂಧಿಸಿದ್ದಾರಾ? ಐದನೇ ಕುರ್ಚಿಯ ಹೆಂಗಸು ಕೈ ಎತ್ತಿದರು. ಮಗನನ್ನು ಒಂದು ಸಲ ಹಿಡಿದಿದ್ದರು, ಆಮೇಲೆ ಬಿಟ್ಟರು, ಅವತ್ತು ಪೊಲೀಸರು ಮಾಡಿದ್ದು ಸರಿ ಇರಲಿಲ್ಲ ಅಂದರು. ಈ ಕೇಸನ್ನು ನ್ಯಾಯವಾಗಿ ನೋಡುತ್ತೀರಾ ಅಂತ ಜಡ್ಜ್ ಕೇಳಿದರು. ‘ನೋಡ್ತೀನಿ’ ಅಂದರು. ಧ್ವನಿಯಲ್ಲಿ ಏರಿಳಿತವೇ ಇರಲಿಲ್ಲ.

ನನ್ನನ್ನು ಕೇಳಿದ್ದು ಕಡಿಮೆ. ಏನು ಕೆಲಸ, ಎಷ್ಟು ವರ್ಷದಿಂದ ಇದ್ದೀರಿ, ಇಂಗ್ಲಿಷ್ ಅರ್ಥವಾಗುತ್ತಾ. ಆಗುತ್ತೆ ಅಂದೆ.

ಮಂಗಳವಾರ ತೆಗೆಯುವ ಆಟ ಶುರು. ಎರಡೂ ಕಡೆಯ ವಕೀಲರಿಗೆ ತಲಾ ಹತ್ತು ಜನರನ್ನು ಕಾರಣವೇ ಹೇಳದೆ ತೆಗೆಯುವ ಹಕ್ಕಿತ್ತು. ಅದಕ್ಕೆ ಪೆರೆಂಪ್ಟರಿ ಚಾಲೆಂಜ್ ಅನ್ನುತ್ತಾರೆ. ತೆಗೆಯುವುದೂ ಎಷ್ಟು ಮರ್ಯಾದೆಯಿಂದ ಅಂತೀರಿ! ‘ಜೂರರ್ ನಂಬರ್ ಎರಡು ಅವರಿಗೆ ಧನ್ಯವಾದ’ ಅಂತಾರೆ. ಧನ್ಯವಾದ ಅಂದರೆ ಎದ್ದು ಹೋಗಿ ಅಂತ. ಆ ಎರಡನೇ ನಂಬರಿನವರು ಒಬ್ಬ ಕಪ್ಪು ಹುಡುಗ, ಕಾಲೇಜು ವಿದ್ಯಾರ್ಥಿ. ಹದಿಮೂರನೆಯವರು ಅವನ ಕುರ್ಚಿಗೆ ಹೋದರು. ಸ್ವಲ್ಪ ಹೊತ್ತಿಗೆ ಸರ್ಕಾರಿ ವಕೀಲರು ಮತ್ತೆ ಎದ್ದರು. ‘ಜೂರರ್ ನಂಬರ್ ಐದು ಅವರಿಗೆ ಧನ್ಯವಾದ.’

ಆ ಹೆಂಗಸು ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ಆರೋಪಿ ಪರ ವಕೀಲರು ನಿಂತು ಎರಡೇ ಪದ ಹೇಳಿದರು.

‘ಬ್ಯಾಟ್ಸನ್-ವೀಲರ್, ಯುವರ್ ಆನರ್.’

ನಾನು ಹಿಂದೆ ತಿರುಗಿ ನೋಡಿದೆ. ಬ್ಯಾಟ್ಸನ್ ವೀಲರ್ ಅನ್ನುವವರು ಯಾರೋ ಹಾಲಿನೊಳಗೆ ಬಂದಿರಬೇಕು ಅಂದುಕೊಂಡೆ. ಸಾಕ್ಷಿಯೋ, ದೊಡ್ಡ ವಕೀಲರೋ. ಯಾರೂ ಬರಲಿಲ್ಲ. ಜಡ್ಜ್ ಪೆನ್ನು ಕೆಳಗಿಟ್ಟರು. ಎಲ್ಲರೂ ಹದಿನೈದು ನಿಮಿಷ ಹೊರಗಿರಿ ಅಂದರು. ಆ ಹೆಂಗಸೂ ನಮ್ಮ ಜೊತೆಗೇ ಕಾರಿಡಾರಿಗೆ ಬಂದರು.

ನೀರಿನ ನಲ್ಲಿಯ ಹತ್ತಿರ ನಾನೂ ಅವರೂ ಅಕ್ಕಪಕ್ಕ ನಿಂತಿದ್ದೆವು. ಕೇಸಿನ ಬಗ್ಗೆ ಯಾರೂ ಮಾತಾಡಬಾರದು ಅಂತ ಜಡ್ಜ್ ಹೇಳಿದ್ದರು. ಇದು ಕೇಸಿನ ಬಗ್ಗೆ ಹೌದೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಸುಮ್ನೆ ಇರಲಾರದೆ ಕೇಳಿಬಿಟ್ಟೆ, ‘ಬ್ಯಾಟ್ಸನ್-ವೀಲರ್ ಅಂದರೆ ಯಾರು?’

ಅವರು ನನ್ನ ಮುಖ ನೋಡಿ ನಕ್ಕರು. ‘ಇವತ್ತಿಗೆ ನಾನೇ ಕಣಪ್ಪಾ’ ಅನ್ನುವ ಅರ್ಥದ ಮಾತು ಹೇಳಿದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಒಳಗೆ ಹೋಗಿ ಕೂತೆವು. ಜಡ್ಜ್ ಒಂದೇ ವಾಕ್ಯ ಹೇಳಿದರು: ಜೂರರ್ ನಂಬರ್ ಐದು ಅವರು ಹೋಗಬಹುದು, ಬಂದಿದ್ದಕ್ಕೆ ಧನ್ಯವಾದ. ಅವರು ಹೋದರು. ಕ್ಲರ್ಕ್ ನನ್ನ ಕಡೆ ಕೈ ತೋರಿಸಿದರು. ಐದನೇ ಕುರ್ಚಿಗೆ ನಾನು ಹೋದೆ. ಕುರ್ಚಿಯ ಬಿಸಿ ಇನ್ನೂ ಆರಿರಲಿಲ್ಲ.

ಆಮೇಲಿನ ಮೂರು ದಿನ ನನಗೆ ನಿಜವಾಗಿ ಕಷ್ಟವಾದದ್ದು ಗೂಗಲ್ ಮಾಡದೆ ಇರುವುದು. ಕೇಸಿಗೆ ಸಂಬಂಧಿಸಿದ ಏನನ್ನೂ ಹುಡುಕಬೇಡಿ, ಓದಬೇಡಿ, ಹೆಂಡತಿಗೂ ಹೇಳಬೇಡಿ ಅಂತ ಜಡ್ಜ್ ದಿನವೂ ಎಚ್ಚರಿಸುತ್ತಿದ್ದರು. ರಾತ್ರಿ ಫೋನ್ ಕೈಗೆ ತಗೊಂಡು ‘ಬ್ಯಾ’ ಅಂತ ಟೈಪ್ ಮಾಡಿ ಅಳಿಸಿದ್ದೂ ಉಂಟು.

ವಿಚಾರಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಬ್ಬ ಪೊಲೀಸ್ ಅಧಿಕಾರಿ ಸಾಕ್ಷಿ ಹೇಳುವಾಗ, ‘ಅವನಿಗೆ ಮಿರಾಂಡಾ ಓದಿದೆ’ ಅಂದರು. ಜೇಬಿನಲ್ಲಿ ಇಟ್ಟುಕೊಳ್ಳುವ ಕಾರ್ಡ್ ನೋಡಿ ಓದಿದೆ ಅಂದರು. ಸುಮ್ಮನಿರುವ ಹಕ್ಕು ನಿನಗಿದೆ, ನೀನು ಹೇಳಿದ್ದನ್ನು ಕೋರ್ಟಿನಲ್ಲಿ ನಿನ್ನ ವಿರುದ್ಧ ಬಳಸಬಹುದು, ವಕೀಲರನ್ನು ಇಟ್ಟುಕೊಳ್ಳಬಹುದು. ಸಿನಿಮಾ ನೋಡಿದ ಎಲ್ಲರಿಗೂ ಗೊತ್ತಿರುವುದೇ. ಹನ್ನೆರಡು ಜನರಲ್ಲಿ ಯಾರೂ ಮಿರಾಂಡಾ ಯಾರು ಅಂತ ಹಿಂದೆ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ. ಅದು ಹೆಸರು ಅನ್ನುವುದೇ ನನ್ನ ತಲೆಗೆ ಹೊಳೆದಿರಲಿಲ್ಲ. ಅವತ್ತಷ್ಟೇ ಹೊಳೆಯಿತು.

ಶುಕ್ರವಾರ ಮಧ್ಯಾಹ್ನ ಹನ್ನೆರಡೂ ಜನ ಒಮ್ಮತಕ್ಕೆ ಬಂದೆವು. ಅಪರಾಧಿ ಅಂದೆವು. ಆ ತೀರ್ಮಾನದ ಬಗ್ಗೆ ನನಗೆ ಈಗಲೂ ಅನುಮಾನ ಇಲ್ಲ. ಕ್ಯಾಮೆರಾದಲ್ಲಿ ಮುಖ ಚೆನ್ನಾಗಿಯೇ ಬಿದ್ದಿತ್ತು. ಇನ್ನು ಯಾರ ಜೊತೆ ಬೇಕಾದರೂ ಮಾತಾಡಬಹುದು ಅಂತ ಜಡ್ಜ್ ಬಿಡುಗಡೆ ಮಾಡಿದರು. ಪಾರ್ಕಿಂಗ್ ಕಟ್ಟಡದಲ್ಲಿ, ಕಾರ್ ಸ್ಟಾರ್ಟ್ ಮಾಡುವ ಮೊದಲೇ ಹುಡುಕಿದೆ.

ಬ್ಯಾಟ್ಸನ್ ಮನುಷ್ಯನೇ. ಜೇಮ್ಸ್ ಕರ್ಕ್‌ಲ್ಯಾಂಡ್ ಬ್ಯಾಟ್ಸನ್. ಕೆಂಟಕಿ ರಾಜ್ಯದ ಲೂಯಿವಿಲ್ ಊರಿನ ಕಪ್ಪು ಯುವಕ. ಮನೆಗೆ ನುಗ್ಗಿದ, ಕದ್ದ ಮಾಲು ಇಟ್ಟುಕೊಂಡ ಅನ್ನುವ ಆರೋಪ. ಜೂರಿ ಆಯ್ಕೆಯಲ್ಲಿ ನಾಲ್ಕು ಜನ ಕಪ್ಪು ಜೂರರ್‌ಗಳು ಉಳಿದಿದ್ದರು. ಸರ್ಕಾರಿ ವಕೀಲರು ನಾಲ್ಕೂ ಜನರಿಗೆ ‘ಧನ್ಯವಾದ’ ಹೇಳಿದರು. ಪೂರ್ತಿ ಬಿಳಿಯರ ಜೂರಿ ಅವನಿಗೆ ಶಿಕ್ಷೆ ವಿಧಿಸಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1986ರ ಏಪ್ರಿಲ್ 30ರಂದು 7-2ರ ತೀರ್ಪು ಬಂತು: ಬಣ್ಣ ನೋಡಿ ಜೂರರ್‌ಗಳನ್ನು ತೆಗೆಯುವಂತಿಲ್ಲ.

ಅದಕ್ಕೆ ಮುಂಚೆ 1965ರಿಂದ ಇದ್ದ ನಿಯಮದಲ್ಲಿ ಇದನ್ನು ಸಾಬೀತು ಮಾಡಲು ಬಹುತೇಕ ಆಗುತ್ತಲೇ ಇರಲಿಲ್ಲ. ಸರ್ಕಾರಿ ವಕೀಲರು ಕೇಸಿಂದ ಕೇಸಿಗೆ ಹೀಗೇ ಮಾಡುತ್ತಾ ಬಂದಿದ್ದಾರೆ ಅಂತ ತೋರಿಸಬೇಕಿತ್ತು. ಅಷ್ಟು ಲೆಕ್ಕ ಯಾವ ಆರೋಪಿ ಇಟ್ಟಿರುತ್ತಾನೆ? ಬ್ಯಾಟ್ಸನ್ ತೀರ್ಪು ಅದನ್ನು ಮೂರು ಮೆಟ್ಟಿಲು ಮಾಡಿತು. ಒಂದು ಕಡೆಯವರು ಅನುಮಾನ ಎತ್ತಬೇಕು. ಇನ್ನೊಂದು ಕಡೆಯವರು ಬಣ್ಣಕ್ಕೆ ಸಂಬಂಧ ಇಲ್ಲದ ಕಾರಣ ಕೊಡಬೇಕು. ಆ ಕಾರಣ ನಿಜವೋ ನೆಪವೋ ಅಂತ ಜಡ್ಜ್ ಹೇಳಬೇಕು. ನಾವು ಕಾರಿಡಾರಿನಲ್ಲಿ ನೀರು ಕುಡಿಯುತ್ತಿದ್ದ ಹದಿನೈದು ನಿಮಿಷದಲ್ಲಿ ಒಳಗೆ ನಡೆದದ್ದು ಈ ಮೂರು ಮೆಟ್ಟಿಲು. ಎರಡು ಪದಗಳ ಕೂಗಿನೊಳಗೆ ಇಷ್ಟೆಲ್ಲ ಇತ್ತು.

ಇನ್ನು ಆ ವೀಲರ್. ಅದು ಕ್ಯಾಲಿಫೋರ್ನಿಯಾದವರದ್ದೇ ಹೆಸರು, ಬ್ಯಾಟ್ಸನ್‌ಗಿಂತ ಎಂಟು ವರ್ಷ ಹಳೆಯದು. ಜೇಮ್ಸ್ ಮೈಕಲ್ ವೀಲರ್ ಮತ್ತು ರಾಬರ್ಟ್ ವಿಲ್ಲಿಸ್ ಅಂತ ಇಬ್ಬರು. ದಿನಸಿ ಅಂಗಡಿ ಮಾಲೀಕನನ್ನು ದರೋಡೆ ಮಾಡುವಾಗ ಕೊಂದರು ಅನ್ನುವ ಕೇಸು. ಅಲ್ಲೂ ಕಪ್ಪು ಜೂರರ್‌ಗಳನ್ನು ಒಬ್ಬರೂ ಬಿಡದಂತೆ ತೆಗೆದಿದ್ದರು. 1978ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಇದು ತಪ್ಪು ಅಂತ ಹೇಳಿತು. ಅಲ್ಲಿಂದ ಈ ರಾಜ್ಯದ ವಕೀಲರ ಬಾಯಲ್ಲಿ ‘ವೀಲರ್ ಮೋಷನ್’ ನಿಂತಿತು. 1986ರಲ್ಲಿ ದಿಲ್ಲಿಗೆ ಸಮಾನವಾದ ಜಾಗದಿಂದ, ಅಂದರೆ ವಾಷಿಂಗ್ಟನ್ನಿನಿಂದ, ಬ್ಯಾಟ್ಸನ್ ಬಂತು. ಇವರು ಹಳೆಯದನ್ನು ಬಿಡಲಿಲ್ಲ, ಎರಡನ್ನೂ ಹೊಲಿದುಕೊಂಡರು. ಪಾಪ ವಿಲ್ಲಿಸ್‌ನ ಹೆಸರು ಮಾತ್ರ ಎಲ್ಲೂ ಇಲ್ಲ. ಅದೇ ಕೇಸು, ಅದೇ ಅನ್ಯಾಯ, ಅದೇ ತೀರ್ಪು. ಫೈಲಿನ ಮೇಲೆ ಮೊದಲು ಬರೆದದ್ದು ವೀಲರ್ ಹೆಸರು, ಅಷ್ಟೇ. ಮಿರಾಂಡಾದ್ದೂ ಹೀಗೇ. 1966ರಲ್ಲಿ ನಾಲ್ಕು ಕೇಸುಗಳನ್ನು ಒಟ್ಟಿಗೆ ಸೇರಿಸಿ ತೀರ್ಪು ಕೊಟ್ಟಿದ್ದು. ಉಳಿದ ಮೂವರು ವಿಗ್ನೆರಾ, ವೆಸ್ಟೋವರ್, ಸ್ಟೀವರ್ಟ್. ಕ್ರಮ ಸ್ವಲ್ಪ ಆಚೀಚೆ ಆಗಿದ್ದರೆ ಪೊಲೀಸರು ಇವತ್ತು ‘ವಿಗ್ನೆರಾ ಓದಿದೆ’ ಅನ್ನುತ್ತಿದ್ದರು. ಪತ್ರದಲ್ಲಿ ಯಾರ ಹೆಸರು ಮೊದಲು ಬರೆಯಬೇಕು ಅಂತ ಅಣ್ಣತಮ್ಮಂದಿರು ಅಪ್ಪನ ಮುಂದೆ ಜಗಳ ಆಡುತ್ತಿದ್ದದ್ದು ಸುಮ್ಮನೆ ಅಲ್ಲ.

ಈ ಹೆಸರುಗಳ ಒಡೆಯರಿಗೆ ಏನು ಸಿಕ್ಕಿತು ಅಂತ ನೋಡಹೋದರೆ ಖುಷಿ ಆಗುವುದಿಲ್ಲ. ಬ್ಯಾಟ್ಸನ್ ಇನ್ನೊಂದು ವಿಚಾರಣೆ ಎದುರಿಸುವ ಬದಲು ತಪ್ಪೊಪ್ಪಿಕೊಂಡು 5 ವರ್ಷದ ಶಿಕ್ಷೆ ತಗೊಂಡ. ಎರ್ನೆಸ್ಟೊ ಮಿರಾಂಡಾನನ್ನು 1963ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಹಿಡಿದಿದ್ದರು. ಎರಡು ಗಂಟೆಯ ವಿಚಾರಣೆಯಲ್ಲಿ ತಪ್ಪೊಪ್ಪಿಗೆ ಬರೆಸಿಕೊಂಡಿದ್ದರು. ವಕೀಲರನ್ನು ಇಟ್ಟುಕೊಳ್ಳಬಹುದು ಅಂತ ಯಾರೂ ಹೇಳಿರಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ 5-4ರಲ್ಲಿ ಗೆದ್ದ. ಮರುವಿಚಾರಣೆಯಲ್ಲಿ ಬೇರೆ ಸಾಕ್ಷಿಯ ಮೇಲೆ ಮತ್ತೆ ಶಿಕ್ಷೆ ಆಯಿತು. ಜೈಲಿನಿಂದ ಹೊರಬಂದ ಮೇಲೆ ಪೊಲೀಸರ ಮಿರಾಂಡಾ ಕಾರ್ಡುಗಳಿಗೆ ತಾನೇ ಸಹಿ ಹಾಕಿ ಒಂದೂವರೆ ಡಾಲರಿಗೆ ಒಂದರಂತೆ ಮಾರುತ್ತಿದ್ದ. 1976ರಲ್ಲಿ ಬಾರ್ ಜಗಳದಲ್ಲಿ ಚೂರಿ ಇರಿತಕ್ಕೆ ಸತ್ತ. ಸಿಕ್ಕ ಶಂಕಿತನಿಗೂ ಪೊಲೀಸರು ಮಿರಾಂಡಾ ಓದಿದರು. ಆ ಕೊಲೆಗೆ ಯಾರಿಗೂ ಶಿಕ್ಷೆ ಆಗಲಿಲ್ಲ. ಡಿಕ್ಷನರಿಯಲ್ಲಿ ಮಾತ್ರ ‘ಮಿರಾಂಡೈಸ್’ ಅಂತ ಕ್ರಿಯಾಪದವೇ ಇದೆ. ಮಿರಾಂಡಿಸು ಅಂದ ಹಾಗೆ.

ಆ ವರ್ಷದ ರಾಜ್ಯೋತ್ಸವದಲ್ಲಿ, ಕನ್ನಡ ಕೂಟದ ಊಟದ ಸಾಲಿನಲ್ಲಿ, ಒಬ್ಬ ವಕೀಲೆ ಸಿಕ್ಕರು. ಹುಬ್ಬಳ್ಳಿಯವರು. ಅಲ್ಲೇ ಎಲ್‌ಎಲ್‌ಬಿ ಮಾಡಿ, ಇಲ್ಲಿ ಮತ್ತೆ ಓದಿ, ಈಗ ಬಡ ಆರೋಪಿಗಳ ಪರ ಸರ್ಕಾರ ಕೊಡುವ ವಕೀಲರ ಕಚೇರಿಯಲ್ಲಿ ಕೆಲಸ. ನನ್ನ ಬ್ಯಾಟ್ಸನ್ ಕತೆ ಹೇಳಿದೆ.

‘ಏನ್ರೀ, ಬ್ಯಾಟ್ಸನ್ ಅಂದ್ರ ಮನಷ್ಯಾ ಬಂದಾನಂತ ನೋಡಿದ್ರ್ಯಾ?’ ಅಂತ ನಕ್ಕು ನಕ್ಕು ಬಿಸಿಬೇಳೆ ಬಾತಿನ ತಟ್ಟೆ ಕೆಳಗಿಟ್ಟರು. ‘ನಮ್ಮ ಆಫೀಸಿನ್ಯಾಗ ದಿನಾ ಇವೇ ಹೆಸರು ನೋಡ್ರಿ. ಬ್ರೇಡಿ ಕೊಟ್ರೇನು, ಪಿಚೆಸ್ ಹಾಕಿದ್ರೇನು, ಮಾರ್ಸ್‌ಡನ್ ಆತೇನು. ಬೆಳಗಿಂದ ಸಂಜೀತನಕ ಮಂದಿ ಹೆಸರು.’

ಬ್ರೇಡಿ ಅಂದರೆ ಆರೋಪಿಗೆ ಅನುಕೂಲವಾಗುವ ಸಾಕ್ಷ್ಯವನ್ನು ಸರ್ಕಾರಿ ಕಡೆಯವರು ಕೊಡುವುದು, ಮಾರ್ಸ್‌ಡನ್ ಅಂದರೆ ನನಗೆ ಕೊಟ್ಟ ವಕೀಲರನ್ನು ಬದಲಿಸಿ ಅಂತ ಆರೋಪಿ ಕೇಳುವುದು. ಪಿಚೆಸ್ ಅಂದರೆ, ಪೊಲೀಸರ ಮೇಲಿನ ಹಳೆಯ ದೂರುಗಳ ಕಡತ ಕೊಡಿ ಅಂತ ಆರೋಪಿ ಕೇಳುವ ಅರ್ಜಿಯಂತೆ. ತಮಾಷೆ ಏನು ಅಂದರೆ, ಪೀಟರ್ ಪಿಚೆಸ್ ಅನ್ನುವವರು ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್. ಕಡತ ಕೊಡುವುದಿಲ್ಲ ಅಂತ ಕೋರ್ಟಿಗೆ ಹೋದವರು ಅವರೇ. 1974ರಲ್ಲಿ ಸೋತರು. ಕೊಡುವುದಿಲ್ಲ ಅಂದವರ ಹೆಸರೇ ‘ಕೊಡಿ’ ಅನ್ನುವ ಅರ್ಜಿಗೆ ಅಂಟಿಕೊಂಡಿತು. ಜುಗ್ಗನ ಹೆಸರಿನಲ್ಲಿ ಅನ್ನಛತ್ರ ಕಟ್ಟಿದ ಹಾಗೆ!

‘ನಮ್ಮ ಕಡೆ ಹಿಂಗಿಲ್ಲ ಅಲ್ವಾ? ನಮ್ಮದೆಲ್ಲ ನಂಬರ್’ ಅಂದೆ. ಮೋಸಗಾರ ಅಂದರೆ ಫೋರ್ ಟ್ವೆಂಟಿ. ಗಲಾಟೆ ಆದರೆ ಒನ್ ಫಾರ್ಟಿಫೋರ್. ಕೊಲೆ ಅಂದರೆ ತ್ರೀ ನಾಟ್ ಟೂ. ಅಪ್ಪ ಕೂಡ ಯಾರನ್ನಾದರೂ ಬಯ್ಯಬೇಕಾದರೆ ಸೆಕ್ಷನ್ ಹಿಡಿದೇ ಬಯ್ಯುತ್ತಿದ್ದರು.

‘ಯಾಕಿಲ್ಲರೀ, ನಮ್ಮ ಬೊಮ್ಮಾಯಿ ಅವರದು?’ ಅಂದರು ಆಕೆ.

ಹೌದಲ್ಲ! ಎಸ್.ಆರ್. ಬೊಮ್ಮಾಯಿ. 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾ ಮಾಡಿದರು. 19 ಶಾಸಕರ ಪತ್ರ ನೋಡಿ, ಬಹುಮತ ಹೋಗಿದೆ ಅಂತ ರಾಜ್ಯಪಾಲರು ವರದಿ ಕಳಿಸಿದ್ದರು. ಸದನದಲ್ಲಿ ಸಾಬೀತು ಮಾಡುತ್ತೇನೆ ಅಂತ ಬೊಮ್ಮಾಯಿ ಹೇಳಿದರೂ ಕೇಳಲಿಲ್ಲ. ಹೈಕೋರ್ಟಿನಲ್ಲಿ ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜಭವನದಲ್ಲಿ ಅಲ್ಲ, ಸದನದಲ್ಲಿ ತೀರ್ಮಾನ ಆಗಬೇಕು. ಅಷ್ಟು ಹೊತ್ತಿಗೆ ಅವರ ಕುರ್ಚಿ ಹೋಗಿ ಐದು ವರ್ಷ ಆಗುತ್ತಾ ಬಂದಿತ್ತು. ಅದರಲ್ಲೂ ಬೇರೆ ರಾಜ್ಯಗಳ ಕೇಸುಗಳು ಸೇರಿದ್ದವು. ಮುಂದೆ ನಿಂತದ್ದು ಬೊಮ್ಮಾಯಿ ಹೆಸರು. ಈಗ ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದರೂ ಟಿವಿಯಲ್ಲಿ ಕೂತವರು ‘ಬೊಮ್ಮಾಯಿ ಕೇಸ್’ ಅನ್ನುತ್ತಾರೆ. ಅದು ನಿಜವಾದ ಮನೆತನದ ಹೆಸರು ಕೂಡ. 2021ರಲ್ಲಿ ಮಗ ಮುಖ್ಯಮಂತ್ರಿ ಆದಾಗ ಅದೇ ಹೆಸರು ಮತ್ತೆ ಆ ಕುರ್ಚಿಗೆ ಬಂತು.

ಆದರೆ ನಮ್ಮ ಕಡೆಯ ಇನ್ನೊಂದು ದೊಡ್ಡ ಹೆಸರು ನನ್ನ ಹಾಗೆ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂದದ್ದು ಆ ಕೇಸಿನಲ್ಲಿ. ಈಗ ದೇಶದ ವಕೀಲರೆಲ್ಲ ‘ಪುಟ್ಟಸ್ವಾಮಿ’ ಅನ್ನುತ್ತಾರೆ, ಸರ್‌ನೇಮ್ ಅನ್ನುವ ಹಾಗೆ. ಅದು ಸರ್‌ನೇಮ್ ಅಲ್ಲ. ಅವರಿಗೆ ತೊಟ್ಟಿಲಲ್ಲಿ ಇಟ್ಟ ಹೆಸರು. ಇನಿಷಿಯಲ್ ಮುಂದಿಟ್ಟುಕೊಳ್ಳುವ ನಮ್ಮಂಥವರಿಗೆ ಕೋರ್ಟಿನಲ್ಲೂ ಅಷ್ಟು ಲಾಭ ಉಂಟು ಅನಿಸಿತು.

ಡಿಸೆಂಬರಿನಲ್ಲಿ ಚೆಕ್ ಬಂತು. ಮೊದಲ ದಿನಕ್ಕೆ ದುಡ್ಡಿಲ್ಲ. ಆಮೇಲಿನ ನಾಲ್ಕು ದಿನಕ್ಕೆ 15 ಡಾಲರಿನಂತೆ 60. ಹೋಗುವ ದಾರಿಯ ಹದಿನೆಂಟು ಮೈಲಿಗೆ, ಮೈಲಿಗೆ 34 ಸೆಂಟಿನಂತೆ, ಒಟ್ಟು 24 ಡಾಲರ್ 48 ಸೆಂಟ್. ಬರುವ ದಾರಿಗೆ ಆಗ ಕೊಡುತ್ತಿರಲಿಲ್ಲ. ಚೆಕ್ಕಿನ ಖಾನೆ ಸಾಲದೆ ಅಪ್ಪನ ಹೆಸರಿನ ಬಾಲ ಕತ್ತರಿಸಿಹೋಗಿತ್ತು. ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ಅಪ್ಪ ಫೋನ್ ಮಾಡಿದರು.

‘ಇದು ತಿದ್ದುಪಡಿ ಪತ್ರ ಆಗಬೇಕು ಕಣೋ. ಹೀಗೆ ಬಿಟ್ರೆ ಮುಂದೆ ತಕರಾರು ಬರ್ತದೆ.’

2023ರಲ್ಲಿ ಎರಡನೇ ಸಮನ್ಸ್ ಬಂತು. ಅದೇ ಕಟ್ಟಡ, ಬೇರೆ ಮಹಡಿ. ಈ ಸಲ ನಾನು ಹದಿನೇಳನೇ ನಂಬರ್. ಹೆಸರು ಓದಲೇ ಇಲ್ಲ, ಶುರುವಿನಿಂದಲೂ ನಂಬರಿನಲ್ಲೇ ಕರೆದರು. ಮತ್ತೆ ಧನ್ಯವಾದಗಳ ಸುತ್ತು. ಸರ್ಕಾರಿ ವಕೀಲರು ಮೆಕ್ಸಿಕೋ ಮೂಲದ ಒಬ್ಬ ಗಾರೆ ಕೆಲಸದವರನ್ನು ಎಬ್ಬಿಸಿದರು. ಆರೋಪಿ ಪರ ವಕೀಲರಿಗೆ ತಲೆ ಪೂರ್ತಿ ನರೆತಿತ್ತು. ಎದ್ದು ನಿಂತರು.

‘ವೀಲರ್...’ ಅಂದು ತಡೆದು, ‘ಕ್ಷಮಿಸಿ, ಟೂ ತರ್ಟಿ ಒನ್ ಪಾಯಿಂಟ್ ಸೆವೆನ್, ಯುವರ್ ಆನರ್’ ಅಂದರು. ಜಡ್ಜ್ ಮುಖದಲ್ಲಿ ಸಣ್ಣ ನಗು.

ಈ ಸಲ ನಾನು ಹಿಂದೆ ತಿರುಗಲಿಲ್ಲ. ಕಾರಿಡಾರಿನಲ್ಲಿ ನಿಂತು, ಈ ನಂಬರಿನ ವಿಷಯ ಆಮೇಲೆ ಕೇಳಬೇಕು ಅಂದುಕೊಂಡೆ. ಕೇಳಿದ್ದು ಹುಬ್ಬಳ್ಳಿಯ ವಕೀಲೆಯನ್ನೇ. ಬ್ಯಾಟ್ಸನ್‌ನ ಮೂರು ಮೆಟ್ಟಿಲಲ್ಲಿ ನೆಪ ಹೇಳುವುದು ತೀರಾ ಸುಲಭವಾಗಿತ್ತಂತೆ. ಮುಖ ಗಂಟು ಹಾಕಿಕೊಂಡಿದ್ದರು, ಬಟ್ಟೆ ಹಾಗಿತ್ತು, ಏನಾದರೂ ನಡೆಯುತ್ತಿತ್ತು. ಹಾಗಾಗಿ ಕ್ಯಾಲಿಫೋರ್ನಿಯಾ ಹೊಸ ಕಾನೂನು ಮಾಡಿತು. ಸೆಕ್ಷನ್ 231.7. ಕ್ರಿಮಿನಲ್ ಕೇಸುಗಳಿಗೆ 2022ರ ಜನವರಿ 1ರಿಂದ ಜಾರಿ. ಬೇಕಂತಲೇ ಮಾಡಿದರು ಅಂತ ಸಾಬೀತು ಮಾಡಬೇಕಿಲ್ಲ. ಮೇಲುನೋಟಕ್ಕೇ ಒಪ್ಪಲಾಗದ ಕಾರಣಗಳು ಅಂತ ಒಂದು ಪಟ್ಟಿಯೇ ಇದೆ. ಪಕ್ಕದ ರಾಜ್ಯ ಅರಿಜೋನಾ ಇನ್ನೂ ಮುಂದೆ ಹೋಗಿ, ಅದೇ ದಿನದಿಂದ ಕಾರಣ ಹೇಳದೆ ತೆಗೆಯುವ ಹಕ್ಕನ್ನೇ ರದ್ದು ಮಾಡಿದೆ. ಬ್ಯಾಟ್ಸನ್ ತೀರ್ಪಿನ ದಿನವೇ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಬರೆದಿದ್ದೂ ಅದನ್ನೇ: ಈ ಹಕ್ಕು ಇರುವತನಕ ರೋಗ ಹೋಗುವುದಿಲ್ಲ ಅನ್ನುವ ಅರ್ಥದಲ್ಲಿ.

ಆ ಪಟ್ಟಿ ಓದಿದೆ. ಇಂಗ್ಲಿಷ್ ತಾಯ್ನುಡಿ ಅಲ್ಲ ಅನ್ನುವುದು ಅದರಲ್ಲಿದೆ. ಪೊಲೀಸರ ಮೇಲೆ ನಂಬಿಕೆ ಇಲ್ಲ ಅನ್ನುವುದು ಇದೆ. ಮನೆಯವರನ್ನು ಪೊಲೀಸರು ಹಿಡಿದಿದ್ದರು ಅನ್ನುವುದೂ ಇದೆ. ಅಲ್ಲಿಗೆ ಬಂದು ಓದುವುದು ನಿಂತಿತು. ನೇರಳೆ ಬ್ಯಾಗಿನ ಹೆಂಗಸು ಹೇಳಿದ್ದು ಅದನ್ನೇ ತಾನೇ? 2019ರ ಆ ಹದಿನೈದು ನಿಮಿಷದಲ್ಲಿ ಸರ್ಕಾರಿ ವಕೀಲರು ಕೊಟ್ಟ ಕಾರಣ ನನ್ನ ಕಿವಿಗೆ ಬಿದ್ದಿಲ್ಲ. ಆದರೆ ಅವರ ಬಾಯಿಂದ ಬಂದ ಉತ್ತರ ಬಿದ್ದಿತ್ತು. ಅವರ ಮಗನ ವಿಷಯವೇ ಕಾರಣ ಆಗಿದ್ದಿದ್ದರೆ, ಈಗಿನ ಕಾನೂನಿನಲ್ಲಿ ಅವರು ಐದನೇ ಕುರ್ಚಿಯಲ್ಲೇ ಇರುತ್ತಿದ್ದರೇನೋ. ನಾನು ಹದಿನಾಲ್ಕರಲ್ಲೇ.

ಗಾರೆ ಕೆಲಸದವರ ಕತೆ ಬೇರೆ ಆಯಿತು. ನಾವು ಒಳಗೆ ಹೋದಾಗ ಜಡ್ಜ್ ಅವರಿಗೆ, ನಿಮ್ಮ ಕುರ್ಚಿಯಲ್ಲೇ ಕೂತುಕೊಳ್ಳಿ ಅಂದರು. ಅವರು ಗಲಿಬಿಲಿಯಿಂದ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದು ಕೂತರು.

ಒಂದು ನಂಬರ್ ಎಷ್ಟು ಕಾಲ ಬಾಳುತ್ತದೋ ನೋಡಬೇಕು. ನಮ್ಮಲ್ಲಿ 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದ ಮೇಲೆ 420 ಅನ್ನುವುದು 318(4) ಆಗಿದೆ, 144 ಅನ್ನುವುದು 163 ಆಗಿದೆ. ಹೋದ ಸಲ ಊರಿಗೆ ಹೋದಾಗ ಚಹಾದಂಗಡಿಯಲ್ಲಿ ಯಾರೋ ಯಾರನ್ನೋ ‘ಅವನೊಬ್ಬ ಫೋರ್ ಟ್ವೆಂಟಿ’ ಅಂತಲೇ ಬಯ್ಯುತ್ತಿದ್ದರು. ಇಲ್ಲೂ ಆ ನರೆತ ತಲೆಯ ವಕೀಲರ ನಾಲಿಗೆಗೆ ಮೊದಲು ಬಂದದ್ದು ವೀಲರ್.

ಅವತ್ತು ಮಧ್ಯಾಹ್ನ ನನ್ನ ಸರದಿಯೂ ಬಂತು. ‘ಜೂರರ್ ನಂಬರ್ ಹದಿನೇಳು ಅವರಿಗೆ ಧನ್ಯವಾದ’ ಅಂದರು ಅದೇ ನರೆತ ತಲೆಯವರು. ಎದುರು ಕಡೆಯವರ ಮುಖ ನೋಡಿದೆ. ಅವರು ಏನೋ ಬರೆದುಕೊಳ್ಳುತ್ತಿದ್ದರು. ಯಾರೂ ಯಾವ ಹೆಸರನ್ನೂ, ಯಾವ ನಂಬರನ್ನೂ ಕೂಗಲಿಲ್ಲ. ಬ್ಯಾಗು ಎತ್ತಿಕೊಂಡು ಹೊರಬಂದೆ.

ಅಪ್ಪನಿಗೆ ಆಗ ಬೆಳಗಿನ ಜಾವ. ಐದು ಗಂಟೆಗೇ ಏಳುತ್ತಾರೆ, ಹಾಗಾಗಿ ಫೋನ್ ಮಾಡಿದೆ. ಕಳಿಸಿಬಿಟ್ಟರು ಅಂದೆ.

‘ಹೆಸರು ಸರಿಯಾಗಿ ಕೂಗಿದ್ರಾ ಈ ಸಲ?’

‘ಇಲ್ಲಪ್ಪ, ಹದಿನೇಳು ಅಂದ್ರು.’

‘ಮೂರು ಸಲ ಕೂಗಿದ್ರಾ?’

‘ಒಂದೇ ಸಲ.’